ಎರಡರಲ್ಲಿ ಯಾವುದು ಚೆನ್ನಾಗಿದೆ?

ಗಂಡನ ಸುಳ್ಳನ್ನು ಬಯಲಿಗೆಳೆದವನು ಗಿಟಾರ್ ಅಂಗಡಿಯವನು. ಪಾಪ, ತಾನೇನು ಮಾಡಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

"ಮೇಡಂ, ಸಾರ್ ಫೋನೇ ಎತ್ತಲ್ಲ. ನುಡಿಸಿ ನೋಡ್ತೀನಿ ಅಂತ ಎರಡು ಪೆಟ್ಟಿಗೆ ಒಯ್ದಿದ್ರು. ಯಾವುದು ಇಟ್ಕೋತಾರೆ ಅಂತ ಒಂದು ಮಾತು ಹೇಳಿದ್ರೆ ಸಾಕು."

"ಗುರುವಾರ ಗುರುವಾರ ನಿಮ್ಮಲ್ಲಿಗೇ ಬರ್ತಾರಲ್ಲ? ಆಗಲೇ ಕೇಳಬಹುದಿತ್ತು."

"ನಮ್ಮಲ್ಲಿಗಾ? ಅವರ ಮುಖ ನೋಡಿ ಯಾವ ಕಾಲ ಆಯ್ತೋ!"

ಅವಳು ಫೋನು ಕೆಳಗಿಟ್ಟು ಮೈಕು ಹತ್ತಿರಕ್ಕೆ ಎಳೆದುಕೊಂಡಳು. ರೈಲು ನಿಲ್ದಾಣದ ಅನೌನ್ಸರ್ ಅವಳು. ಎದೆಯೊಳಗೆ ಏನೇ ಕುಸಿದು ಬೀಳಲಿ, ಬರುವ ಗಾಡಿಯ ಹೆಸರು ಹೇಳಲೇಬೇಕು, ಹೇಳಿದಳು. ಅವಳ ಒಂದು ಮಾತಿಗೆ ನೂರಾರು ಜನ ಗಂಟುಮೂಟೆ ಹೊತ್ತು ಆಚೆ ಪ್ಲಾಟ್‌ಫಾರ್ಮಿಗೆ ಓಡುತ್ತಾರೆ. ಮನೆಯಲ್ಲಿರುವ ಒಬ್ಬನೇ ಒಬ್ಬ ತಲೆ ಎತ್ತಿಯೂ ನೋಡುವುದಿಲ್ಲ. ಇದಕ್ಕೆ ನಗಬೇಕೋ ಅಳಬೇಕೋ?

ಒಂದು ಕಾಲದಲ್ಲಿ ಹೀಗಿರಲಿಲ್ಲ. ಅವಳು ಹಾಡು ಕಟ್ಟುತ್ತಿದ್ದಳು, ಅವನು ಗಿಟಾರ್ ನುಡಿಸುತ್ತಿದ್ದ. ಮಲಗುವ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲೇ ಇಬ್ಬರೂ ಸೇರಿ ರೆಕಾರ್ಡಿಂಗ್ ಮಾಡುತ್ತಿದ್ದರು. ಅವಳು ಉಸಿರೆಳೆದದ್ದು ಒಂದಿಷ್ಟು ಜಾಸ್ತಿಯಾದರೆ ಸಾಕು, "ಊಹುಂ, ಇನ್ನೊಂದು ಸಲ" ಅನ್ನುತ್ತಿದ್ದ. "ನಿಮ್ಮ ಕಾಟ ತಡೆಯೋಕಾಗಲ್ಲಪ್ಪ" ಎಂದು ಅವಳು ಮುನಿಸಿಕೊಂಡು ಮತ್ತೆ ಹಾಡುತ್ತಿದ್ದಳು. ಆ ಕಾಟವೇ ಅವಳಿಗೆ ಪ್ರೀತಿಯಾಗಿತ್ತು.

ಆಮೇಲೆ ಬಂದವು ಈ ಹಾಳು ಪೆಟ್ಟಿಗೆಗಳು. ದೊಡ್ಡ ದೊಡ್ಡ ಆಂಪ್ಲಿಫೈಯರುಗಳ ದನಿಯನ್ನು ಹಾಗೆಹಾಗೇ ಅನುಕರಿಸುವ ಡಿಜಿಟಲ್ ಪೆಟ್ಟಿಗೆಗಳು. ಗೋಡೆ ನಡುಗುವುದಿಲ್ಲ, ನೆರೆಯವರು ಬಾಗಿಲು ಬಡಿಯುವುದಿಲ್ಲ; ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ವರವೇ ಸರಿ. ಆದರೆ ಅವನಿಗೆ ಯಾವುದೂ ಹಿಡಿಸಲಿಲ್ಲ. ಒಂದನ್ನು ತಂದ, "ಇದರಲ್ಲಿ ಹೊಳಪೇ ಇಲ್ಲ" ಎಂದು ಹಿಂದಿರುಗಿಸಿದ. ಇನ್ನೊಂದನ್ನು ತಂದ, ಅದಕ್ಕೂ ಅದೇ ದೂರು. ಕೊನೆಗೆ ಎರಡನ್ನು ಒಟ್ಟಿಗೇ ತಂದು ಹೋಲಿಸಲು ಕೂತ. ಒಂದೇ ತುಣುಕನ್ನು ಗಿಟಾರಿನಿಂದ ನೇರವಾಗಿ ಕಂಪ್ಯೂಟರಿಗೆ ತುಂಬಿಸಿ, ಅದನ್ನೇ ಒಮ್ಮೆ ಈ ಪೆಟ್ಟಿಗೆಯಿಂದ ಹಾಯಿಸುವುದು, ಒಮ್ಮೆ ಆ ಪೆಟ್ಟಿಗೆಯಿಂದ ಹಾಯಿಸುವುದು. ಪರದೆಯ ಮೇಲೆ ಏರಿಳಿಯುವ ಹಸಿರು ಗೆರೆಗಳನ್ನೇ ದಿಟ್ಟಿಸುತ್ತಾ ಕೂರುವುದು.

ಅವಳು ಮನೆಗೆ ಬಂದರೆ ಒಂದೇ ಪ್ರಶ್ನೆ. "ಎರಡರಲ್ಲಿ ಯಾವುದು ಚೆನ್ನಾಗಿದೆ?"

"ಮೊದಲನೇದು" ಎಂದು ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ಅವನು ಎದ್ದು ಬಂದು, ಎದುರಿಗೆ ನಿಂತು, ಮತ್ತೆ ಅದನ್ನೇ ಕೇಳುತ್ತಿದ್ದ. ಹೇಳಿದ್ದಕ್ಕೆ ಕವಡೆ ಕಾಸಿನ ಕಿಮ್ಮತ್ತು ಇಲ್ಲದಿದ್ದರೆ ಕೇಳುವುದಾದರೂ ಯಾಕೆ?

ಇತ್ತೀಚೆಗೆ ಒಂದು ಸಂಜೆ ಅವನೆದುರೇ ಹೊಸ ಹಾಡು ಹಾಡಿದಳು. ಕೊನೆಯ ಸಾಲಿನಲ್ಲಿ ದನಿ ಒಡೆಯಿತು. ಅವಳಿಗೇ ನಾಚಿಕೆಯಾಗುವಷ್ಟು ಒಡೆಯಿತು. ಇನ್ನೊಂದು ಸಲ ಅನ್ನುತ್ತಾನೆಂದು ಕಾದಳು. ಅವನು ಪರದೆಯಿಂದ ಕಣ್ಣು ಕೀಳದೆ, "ಸರಿಯಾಗಿದೆ" ಅಂದ. ಅಷ್ಟೇ. ಅವತ್ತು ಅವಳು ಸ್ನಾನದ ಮನೆಯ ನಲ್ಲಿ ಬಿಟ್ಟುಕೊಂಡು ಅತ್ತಳು.

ಅಂಗಡಿಯವನ ಮಾತನ್ನು ಅಕ್ಕನಿಗೆ ಹೇಳಿದಾಗ ಅಕ್ಕ ಫೋನಿನಲ್ಲೇ ಲೊಚಗುಟ್ಟಿದಳು.

"ಹಿತ್ತಲ ಗಿಡ ಮದ್ದಲ್ಲ ಕಣೇ. ಇನ್ಯಾವಳೋ ಹಾಡೋಳು ಸಿಕ್ಕಿರ್ತಾಳೆ. ಕೂಗಿದ್ರೆ ಓಗೊಡಲ್ಲ, ಫೋನ್ ಎತ್ತಲ್ಲ, ಗುರುವಾರ ಎಲ್ಲಿಗೋ ಹೋಗ್ತಾನೆ. ಇನ್ನೇನು ಬೇಕು ನಿಂಗೆ? ನಮ್ಮನೆಗೆ ಬಾ."

"ಒಂದು ಸಲ ಕೇಳಿಬಿಡ್ತೀನಿ ಅಕ್ಕ. ಮನಸ್ಸು ತಡೆಯಲ್ಲ."

"ಕೇಳು. ಬಾಯಿಬಿಟ್ರೆ ನನ್ನ ಮಾತು ಸುಳ್ಳು."

ಮಧ್ಯಾಹ್ನವೇ ರಜೆ ಹಾಕಿ ಮನೆಗೆ ಬಂದಳು. ನಾಲ್ಕು ಬಟ್ಟೆ ಬ್ಯಾಗಿಗೆ ತುಂಬಿದಳು. ಸಣ್ಣ ಕೋಣೆಯ ಬಾಗಿಲಲ್ಲಿ ನಿಂತಳು. ಅವನ ಬೆನ್ನು ಇತ್ತ ಕಡೆಗಿತ್ತು. ಹೆಡ್‌ಫೋನು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಸ್ಪೀಕರಿನಲ್ಲಿ ಕೊನೆಯ ಸ್ವರ ಪೂರ್ತಿ ಕರಗುವ ತನಕ ಕಾದಳು. ಗಿಟಾರಿನವನ ಹೆಂಡತಿ, ಆ ಮರ್ಯಾದೆ ಮರೆತಿರಲಿಲ್ಲ.

"ರೀ, ನನಗೆಲ್ಲ ಗೊತ್ತಾಗಿದೆ. ಗುರುವಾರ ಎಲ್ಲಿಗೆ ಹೋಗ್ತೀರಿ ಅಂತ ಕೇಳಲ್ಲ. ಅವಳು ಯಾರು ಅಂತಾನೂ ಕೇಳಲ್ಲ. ನಾನು ಅಕ್ಕನ ಮನೆಗೆ ಹೊರಟಿದ್ದೀನಿ. ನೀವು ಇರು ಅಂದ್ರೆ ಇರ್ತೀನಿ. ನಾಚಿಕೆ ಬಿಟ್ಟು ಕೇಳ್ತಿದ್ದೀನಿ ರೀ, ಒಂದೇ ಒಂದು ಮಾತು ಅನ್ನಿ."

ಅವನು ಅಲುಗಲಿಲ್ಲ. ಹೆಗಲು ಕೂಡ ಕದಲಲಿಲ್ಲ. ಮೌಸಿನ ಮೇಲಿದ್ದ ಕೈ ಹಾಗೇ ಇತ್ತು.

ಅವಳು ಕಾದಳು. ಗೋಡೆಯ ಜೊತೆ ಮಾತಾಡಿದ್ದರೂ ಇಷ್ಟು ಅವಮಾನವಾಗುತ್ತಿರಲಿಲ್ಲ. ಅಕ್ಕ ಹೇಳಿದ್ದೇ ನಿಜವಾಯಿತಲ್ಲ! ಬ್ಯಾಗು ಎತ್ತಿಕೊಂಡಳು. ಹೊರಬಾಗಿಲನ್ನು ಎಳೆದ ರಭಸಕ್ಕೆ ಕಪಾಟಿನ ಲೋಟಗಳೆಲ್ಲ ಗಲಗಲ ಅಂದವು. ಎದುರುಮನೆಯ ನಾಯಿ ಬೊಗಳತೊಡಗಿತು.

ಅವಳು ಬಂದು ನಿಂತದ್ದು ಅವನಿಗೆ ಪರದೆಯ ಗಾಜಿನಲ್ಲಿ ಕಂಡಿತ್ತು. ಇವತ್ತು ಹೇಳಿಯೇಬಿಡಬೇಕು ಎಂದುಕೊಂಡಿದ್ದ. ಮುಖ ನೋಡಿದರೆ ಬಾಯಿ ಕಟ್ಟುತ್ತದೆಂದು ಗಟ್ಟಿಯಾಗಿ ಕಣ್ಣು ಮುಚ್ಚಿ ಕೂತಿದ್ದ. ಆಟೋ ಬಂತು, ನಿಂತಿತು, ಹೋಯಿತು. ನಾಯಿ ಸುಮ್ಮನಾಯಿತು. ಅವನು ಮಾತ್ರ ಇನ್ನೂ ಧೈರ್ಯ ಕೂಡಿಸುತ್ತಲೇ ಇದ್ದ. ಕೊನೆಗೆ, ಕಣ್ಣು ತೆರೆಯದೆ, ಖಾಲಿ ಮನೆಯೆಲ್ಲ ತುಂಬುವಷ್ಟು ಜೋರಾಗಿ ಹೇಳಿದ:

"ಪೆಟ್ಟಿಗೆಗಳದ್ದೇನೂ ತಪ್ಪಿಲ್ಲ ಕಣೇ, ನನ್ನ ಎರಡು ಕಿವೀನೂ ಹೋಗಿದೆ, ಇನ್ನು ಬರಲ್ಲ ಅಂತ ಮೊನ್ನೆ ಗುರುವಾರ ಡಾಕ್ಟರು ಕೈಚೆಲ್ಲಿಬಿಟ್ರು, ನಿನ್ನ ದನಿ ಕೇಳದೆ ಎಷ್ಟು ದಿನ ಆಯ್ತು ಗೊತ್ತಾ?"