ಆ ಕಡೆಯವರು

ತಾಯಿ ಮತ್ತೆ ಎಡಗಡೆಯ ಬಾಗಿಲಿಗೇ ಹೋಗಿ ನಿಂತಿದ್ದರು. ನೊಂದವರ ನೆರವು ಕೇಂದ್ರದ ಸಹಾಯಕಿ ಓಡಿಹೋಗಿ ತೋಳು ಹಿಡಿದಳು. ನ್ಯಾಯಾಲಯದ ಆ ಮೊಗಸಾಲೆಯಲ್ಲಿ ಎರಡು ಕೋಣೆಗಳಿದ್ದವು. ಬಲಗಡೆಯದು ನೊಂದವರಿಗೆ. ಮೆತ್ತನೆಯ ಕುರ್ಚಿ, ಕುಡಿಯಲು ನೀರು, ಬಾಗಿಲಿಗೆ ಚಿಲಕ. ಎಡಗಡೆಯದು ಆರೋಪಿಯ ಮನೆಯವರಿಗೆ. ಒಂದು ಮರದ ಬೆಂಚು, ಅಷ್ಟೇ. ಎರಡೂ ಕಡೆಯವರು ಎದುರುಬದುರಾಗಬಾರದು ಎಂಬುದು ನೆರವು ಕೇಂದ್ರದ ಮೊದಲ ನಿಯಮ.

“ಅದು ಆ ಕಡೆಯವರದ್ದು ಅಮ್ಮ. ನಮ್ಮದು ಈ ಕಡೆ,” ಎಂದಳು ಸಹಾಯಕಿ. ಎಷ್ಟು ಸಲ ಹೇಳಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ.

“ಅಲ್ಲಿ ಯಾರಾದ್ರೂ ಬಂದಿದ್ದಾರಾ?”

“ಒಂದು ನರಪಿಳ್ಳೆಯೂ ಇಲ್ಲ. ಪೊಲೀಸರು ಹಿಡಿದಾಗಿನಿಂದ ಅವನನ್ನ ನೋಡೋಕೆ ಯಾರೂ ಬಂದಿಲ್ಲ. ಯಾವ ಮುಖ ಇಟ್ಕೊಂಡು ಬರ್ತಾರೆ?”

ನೆಮ್ಮದಿಯಾಗಲಿ ಎಂದೇ ಹೇಳಿದ ಮಾತು. ತಾಯಿ ಗಳಗಳನೆ ಅತ್ತುಬಿಟ್ಟರು. ಸಹಾಯಕಿಗೆ ತಲೆ ಚಿಟ್ಟು ಹಿಡಿಯಿತು. ಈ ಹೆಂಗಸಿಗೆ ಏನು ಹೇಳಿದರೂ ಉಲ್ಟಾ.

ಕೆಲಸದಲ್ಲಿ ಅವಳು ಪಳಗಿದವಳು. ನೊಂದವರ ಬಾಯಿಂದ ನಡೆದದ್ದನ್ನು ಮತ್ತೆ ಮತ್ತೆ ಹೇಳಿಸಬಾರದು, ಗಾಯ ಕೆದಕಬಾರದು ಎಂದು ಕೇಂದ್ರದಲ್ಲಿ ಹೇಳಿಕೊಟ್ಟಿದ್ದರು. ಕೊಲೆಯಾದವನ ಹೆಸರು, ತಾಯಿಯ ವಿಳಾಸ, ಇಷ್ಟನ್ನೇ ಅವಳ ಕೈಗೆ ಕೊಟ್ಟಿದ್ದರು. ಆರೋಪಿ ಯಾರು, ಎಂಥವನು ಎಂಬ ಸುದ್ದಿಗೆ ಅವಳು ಹೋಗುವಂತಿರಲಿಲ್ಲ, ಹೋಗಿಯೂ ಇರಲಿಲ್ಲ. ಅವನ ಹೆಸರು ಎತ್ತುವುದೇ ಪಾಪವೆಂಬಂತೆ ‘ಆ ವ್ಯಕ್ತಿ’ ಎನ್ನುತ್ತಿದ್ದಳು.

ಆದರೆ ತಾಯಿಗೆ ಆ ವ್ಯಕ್ತಿಯದೇ ಧ್ಯಾನ. ಮೊದಲ ಭೇಟಿಯಲ್ಲೇ, ಮನೆ ಪೂರ್ತಿ ಖಾಲಿಯಾಗಿಬಿಟ್ಟಿತು ಎಂದು ಅತ್ತವರು, ಅದರ ಹಿಂದೆಯೇ ಜೈಲಿನಲ್ಲಿ ಹೊದೆಯಲು ಏನು ಕೊಡುತ್ತಾರೆ ಎಂದು ಕೇಳಿದ್ದರು. ಒಂದು ಕಂಬಳಿ ಎಂದಿದ್ದಳು ಸಹಾಯಕಿ. “ಒಂದೇನಾ?” ಎಂದು ಕೇಳಿ ಗೋಡೆ ನೋಡುತ್ತ ಕೂತಿದ್ದರು. ಅದೂ ಯಾಕೆ ಕೊಡಬೇಕು ಎಂಬ ಸಂಕಟ, ಪಾಪ, ಎಂದುಕೊಂಡಳು ಸಹಾಯಕಿ. ಬಾಯ್ತುಂಬ ಬೈದು ಹಗುರಾಗಿ ಎಂದರೆ ಒಂದು ಶಾಪವನ್ನೂ ಹಾಕಲಿಲ್ಲ. ಒಳಗೇ ಕುದಿಯುವವರನ್ನು ಕಂಡರೆ ಅವಳಿಗೆ ಹೆಚ್ಚು ಭಯ.

ಭಯಕ್ಕೆ ಕಾರಣವೂ ಇತ್ತು. ಹೋದ ವರ್ಷ ಹೀಗೇ ಮೆತ್ತಗಿದ್ದ ಒಬ್ಬ ತಾಯಿ ಕಟಕಟೆಯ ಕಡೆಗೆ ಚಪ್ಪಲಿ ಬೀಸಿದ್ದರು. ಅವರನ್ನು ಹೊರಗೆ ಹಾಕಿದರು. ಮಗನ ಕೊಲೆಯ ವಿಚಾರಣೆಯ ಒಂದು ಮಾತನ್ನೂ ಆಮೇಲೆ ಕೇಳಲು ಬಿಡಲಿಲ್ಲ. ಈ ತಾಯಿಗೂ ಅದೇ ಗತಿ ಬರಬಾರದು ಎಂದು ಅವಳು ಹಗಲಿರುಳು ಒದ್ದಾಡಿದ್ದಳು. ಇವರೋ, ಹೇಳದೆ ಕೇಳದೆ ಜೈಲಿನ ಬಾಗಿಲಿಗೇ ಹೋಗಿದ್ದರು. ನೊಂದವರ ಕಡೆಯವರನ್ನು ಒಳಗೆ ಬಿಡುವಂತಿಲ್ಲ ಎಂದು ಕಾವಲಿನವರು ವಾಪಸು ಕಳಿಸಿ, ಕೇಂದ್ರಕ್ಕೂ ಸುದ್ದಿ ಮುಟ್ಟಿಸಿದ್ದರು. ಸಹಾಯಕಿಗೆ ಮೇಲಿನವರಿಂದ ಚೆನ್ನಾಗಿ ಮಂಗಳಾರತಿಯಾಗಿತ್ತು.

ಈಗ ಬಲಗಡೆಯ ಕೋಣೆಯಲ್ಲಿ ಕೂರಿಸಿ ನೀರು ಕೊಟ್ಟಳು. ತಾಯಿ ಮುಟ್ಟಲಿಲ್ಲ.

“ಇವತ್ತಾದ್ರೂ ಅವನನ್ನ ಹತ್ತಿರದಿಂದ ನೋಡೋಕೆ ಬಿಡ್ತಾರಾ?”

“ಬೇಡವೇ ಬೇಡ. ನಿಮ್ಮ ಕುರ್ಚಿ ಮುಂದೆ ಪರದೆ ಹಾಕಿಸಿದ್ದೀನಿ. ನಿಮಗೆ ಅವನು ಕಾಣಲ್ಲ, ಅವನಿಗೆ ನೀವು ಕಾಣಲ್ಲ.”

“ನೋಡಮ್ಮಾ, ಅವನು ನನ್ನ...”

“ಗೊತ್ತು ಅಮ್ಮ. ನಿಮ್ಮ ಬದುಕೇ ಹಾಳು ಮಾಡಿದ. ನೀವೇನೂ ಹೇಳಬೇಕಾಗಿಲ್ಲ.”

ತಾಯಿ ಬಾಯಿ ಮುಚ್ಚಿದರು. ಹೀಗೆ ಮುಚ್ಚಿಸುವುದರಲ್ಲಿ ಸಹಾಯಕಿಗಿದ್ದ ಅಕ್ಕರೆಗೆ ಮಿತಿಯೇ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ತಾಯಿ ತಾವಾಗಿಯೇ ಹೇಳಿದರು: ಜೈಲಿನಿಂದ ಮೊದಮೊದಲು ಫೋನು ಬರುತ್ತಿತ್ತು. ಎತ್ತಿದರೆ ಅವನು ಮಾತಾಡುತ್ತಿರಲಿಲ್ಲ, ಉಸಿರಿನ ಸದ್ದು ಮಾತ್ರ. ಆಮೇಲೆ ಅದೂ ನಿಂತುಹೋಯಿತು.

ಸಹಾಯಕಿಗೆ ಅಂತೂ ಒಂದು ಒಳ್ಳೆಯ ಸುದ್ದಿ ಹೇಳುವ ಅವಕಾಶ ಸಿಕ್ಕಿತು. “ನಾನೇ ನಿಲ್ಲಿಸಿದ್ದು ಅಮ್ಮ. ಪಕ್ಕದ ಮನೆಯವರು ಹೇಳಿದ್ರು. ಅವತ್ತೇ ಜೈಲಿಗೆ ತಿಳಿಸಿ ನಿಮ್ಮ ನಂಬರಿಗೆ ಫೋನು ಹೋಗದ ಹಾಗೆ ಮಾಡಿಸಿದೆ. ಇನ್ನು ಯಾವತ್ತೂ ಬರಲ್ಲ.”

“ನೀನಾ?” ಎಂದರು ತಾಯಿ. ಅವಳನ್ನು ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ಕೃತಜ್ಞತೆಯೇನೂ ಕಾಣದೆ ಸಹಾಯಕಿಗೆ ಬೇಸರವೇ ಆಯಿತು. ಯಾರಿಗಾಗಿ ಇಷ್ಟೆಲ್ಲ ಬಡಿದಾಡುವುದು?

ಕರೆ ಬಂತು. ಪಕ್ಕದ ಬಾಗಿಲಿನಿಂದ ಒಳಗೆ ಕರೆದೊಯ್ದು ಪರದೆಯ ಹಿಂದೆ ಕೂರಿಸಿ, ತಾನೂ ಅಂಟಿಕೊಂಡೇ ಕೂತಳು. ಬೇಡಿಯ ಸದ್ದು ಕೇಳಿಸಿತು. ತಾಯಿ ಪರದೆಯ ಕಡೆ ಬಾಗಿದರು. ಸಹಾಯಕಿ ಅವರ ಕಾಲ ಬಳಿ ಕಣ್ಣು ಹಾಯಿಸಿದಳು. ಚಪ್ಪಲಿ ಕಾಲಲ್ಲೇ ಇತ್ತು.

ಆರೋಪಿಗೆ ವಕೀಲರಿಲ್ಲ ಎಂದು ಗುಮಾಸ್ತ ತಿಳಿಸಿದ. ನ್ಯಾಯಾಧೀಶರು ಕನ್ನಡಕ ತೆಗೆದು ಕಟಕಟೆಯ ಕಡೆ ತಿರುಗಿದರು. ವಕೀಲರನ್ನು ಗೊತ್ತು ಮಾಡಲು, ಬೇಕು ಬೇಡ ನೋಡಲು ನಿನ್ನವರು ಅಂತ ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿದರು.

“ಯಾರೂ ಇಲ್ಲ,” ಎಂದಿತು ಪರದೆಯಾಚೆಯ ಎಳೆ ದನಿ. “ಬರೋದೂ ಇಲ್ಲ.”

ತಾಯಿ ಎದ್ದರು. ಸಹಾಯಕಿ ತೋಳು ಜಗ್ಗಿದಳು, ಕೂತ್ಕೊಳ್ಳಿ, ಹೊರಗೆ ಹಾಕ್ತಾರೆ ಎಂದು ಪಿಸುಗುಟ್ಟಿದಳು. ತಾಯಿ ಕೈ ಕೊಸರಿಕೊಂಡು ಪರದೆಯನ್ನು ಸರಿಸಿ ಮುಂದೆ ಹೋಗಿ ನಿಂತರು.

“ನಾನು ಬಂದಿದ್ದೀನಿ ಸ್ವಾಮಿ. ಸತ್ತವನು ನನ್ನ ದೊಡ್ಡ ಮಗ, ಇವನು ಚಿಕ್ಕವನು.”