ಗೋಳ್ಯಾ ಪುರ್ಯಾ

ಪುರಿಗೆ ಕಲಸಿಟ್ಟ ಹಿಟ್ಟಿನಿಂದ ಸುಮನ ಮೊದಲ ಉಂಡೆ ಹರಿದಿದ್ದಳಷ್ಟೇ, ಹಿಂದಿನಿಂದ ಯಾರೋ ಸೆರಗು ಜಗ್ಗಿದರು. ಮಗಳು ಗೋದಾವರಿ. ಒಂದು ಕಡೆ ಜಡೆ ಹೆಣೆದಾಗಿತ್ತು, ಇನ್ನೊಂದು ಕಡೆ ಕೂದಲು ಹಾಗೇ ಹರಡಿತ್ತು.

"ಆಯೀ, ಗೋಳ್ಯಾ..." ಎಂದಳು, ಪಿಸುಮಾತಿನಲ್ಲಿ.

"ಮುಂಜಾನೆದ್ದು ಪೇಪರಮಿಂಟ್ ಗೋಳಿ ಬ್ಯಾಡ ನನ್ನವ್ವ, ಹಲ್ಲಿಗಿ ಹುಳಾ ಹತ್ತತಾವ. ತಡಿ, ಕೈ ತೊಳ್ಕೊಂಡು ಇನ್ನೊಂದು ಜಡಿ ಹಾಕ್ತೀನಿ."

"ತಸ ನಾಹೀ, ಆಯೀ..."

ಹಾಗಲ್ಲ ಎಂದು ಹುಡುಗಿ ಮುಂದೆ ಹೇಳುವಷ್ಟರಲ್ಲಿ ಹೊರಕೋಣೆಯ ಮಂಚದಿಂದ ಮಾವ ಗುರುಲಿಂಗಪ್ಪನವರ ದನಿ ಕೇಳಿಸಿತು. "ಯವ್ವಾ ಸುಮನಾ, ಪುರಿ ಎಲ್ಲಿತನಕ ಬಂದಾವ? ಹಂಗೇ ಇಲ್ಲಿ ಜರಾ ಬಾ. ಪಟ್ಟಿ ಯಾಕೋ ಹಸಿ ಹತ್ತಲಿಕ್ಕತ್ಯಾದ."

ಹಿಟ್ಟಿನ ಕೈಯಲ್ಲೇ ಸುಮನ ಓಡಿಬಂದಳು. ಮಾವನ ಕಾಲಿಗೆ ಸುತ್ತಿದ ಬಿಳಿ ಪಟ್ಟಿಯ ಮೇಲೆ ಹಳದಿ ಕಲೆಯೊಂದು ಮೂಡಿತ್ತು. ಕೀವು ಮತ್ತೆ ಬಂದಿದೆ.

ಸೇಡಂನಿಂದ ಮಗನ ಮನೆಗೆಂದು ನಾಸಿಕಕ್ಕೆ ಬಂದವರು, ತ್ರ್ಯಂಬಕೇಶ್ವರಕ್ಕೆ ಹೋಗಿ ಕುಂಡದ ಪಾವಟಿಗೆಯಲ್ಲಿ ಜಾರಿ ಮೊಣಕಾಲ ಕೆಳಗಿನ ಎಲುಬು ಮುರಿದುಕೊಂಡಿದ್ದರು. ಎಲುಬಿನ ಆಸ್ಪತ್ರೆಯಲ್ಲಿ ಕಾಲು ಕೊಯ್ದು ಉಕ್ಕಿನ ಪ್ಲೇಟು ಕೂಡಿಸಿದರು. ಆಮೇಲೆ ಗಾಯ ಕೀವಾಯಿತು, ಜ್ವರ ಬಂತು, ಹೊತ್ತು ಹೊತ್ತಿಗೆ ಸೂಜಿ ಚುಚ್ಚಿದರು. ಕೊನೆಗೆ ಕೀವು ಒಣಗಿ ಮನೆಗೆ ಕಳಿಸುವಾಗ ಡಾಕ್ಟರು ಗುಳಿಗೆ ಕೊಟ್ಟು ಏನೋ ಹೇಳಿದ್ದರು. ಸುಮನ ರಿಕ್ಷಾ ಕರೆಯಲು ಹೋಗಿದ್ದಳು. ಗಂಡ ಉಮಾನಾಥ ಸಾತಪುರದ ಕಾರ್ಖಾನೆಯಲ್ಲಿದ್ದ. ಹೇಳಿದ್ದನ್ನು ಕೇಳಿಸಿಕೊಂಡವರು ಮುತ್ಯಾ, ಮೊಮ್ಮಗಳು ಇಬ್ಬರೇ.

"ಗೋಳ್ಯಾ ಪುರ್ಯಾ ಕರಾ ಅಂದ್ರು ಡಾಕ್ಟರು," ಎಂದು ಗುರುಲಿಂಗಪ್ಪನವರು ರಿಕ್ಷಾದಲ್ಲೇ ಸೊಸೆಗೆ ಹೇಳಿದ್ದರು. "ಗೋಳ್ಯಾ ಅಂದ್ರ ಗೋಲ್ ಉಂಡಿ, ಪುರ್ಯಾ ಅಂದ್ರ ಪುರಿ. ಎಲುಬು ಕೂಡ್ಲಿಕ್ಕ ಎಣ್ಣಿ ಬೇಕಲ್ಲವ್ವಾ! ಮರಾಠಿ ಏನ್ ಮಹಾ?"

ರಿಕ್ಷಾದ ಗದ್ದಲದಲ್ಲಿ ಪುರಿ ಎಂಬುದಷ್ಟೇ ಕಿವಿಗೆ ಬಿದ್ದ ಸುಮನಳಿಗೆ ಇದೆಂಥ ಪಥ್ಯವೋ ಎಂದು ಅನಿಸದೆ ಇರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಅನ್ನ ಮುಟ್ಟದ ಮನುಷ್ಯ ಮನೆಯಲ್ಲಿ ಉಬ್ಬಿದ ಪುರಿ ನೋಡಿ ಮಗುವಿನ ಹಾಗೆ ನಗುತ್ತಿದ್ದರು. ಆ ನಗು ನೋಡಿ ಅವಳು ದಿನಾ ಬಾಣಲೆ ಇಡುತ್ತಿದ್ದಳು. ಗುಳಿಗೆ ತಗೊಂಡಿರಾ ಎಂದು ಕೇಳಿದರೆ, "ಎಲ್ಲಾ ಡಾಕ್ಟರ್ ಹೇಳಿದ್ಹಂಗೇ ನಡದದ" ಎನ್ನುತ್ತಿದ್ದರು. ಸುಳ್ಳು ಹೇಳುವ ಮನುಷ್ಯರಲ್ಲ.

ಗೋದಾವರಿಗೆ ಮಾತ್ರ ಬೇರೆ ಸಂಗತಿ ಗೊತ್ತಿತ್ತು. ಬಡೇಸೋಪಿಗೆಂದು ಮುತ್ಯಾನ ಎಲೆಅಡಿಕೆ ಸಂಚಿಗೆ ಕೈ ಹಾಕಿದಾಗಲೆಲ್ಲ ಅವಳ ಬೆರಳಿಗೆ ಗುಳಿಗೆಯ ಹಾಳೆಗಳು ತಾಗುತ್ತಿದ್ದವು. ಮನೆಗೆ ಬಂದು ಮೈ ಹಗುರಾದ ದಿನವೇ ಅವರು ಉಳಿದದ್ದನ್ನೆಲ್ಲ ಅಲ್ಲಿ ತುಂಬಿಟ್ಟಿದ್ದರು, ಮುಂದೆಂದಾದರೂ ಜ್ವರ ಬಂದರೆ ಇರಲಿ ಎಂದು. ಕೇಳಬೇಕೆಂಬ ಮಾತು ಅವಳ ನಾಲಿಗೆ ತುದಿಗೆ ಬರುತ್ತಿತ್ತು. ಆದರೆ ಮುತ್ಯಾನ ಎದುರು ಕನ್ನಡ ಮಾತಾಡುವುದಕ್ಕೇ ಅವಳಿಗೆ ನಾಚಿಕೆ. ಮರಾಠಿಯಲ್ಲಿ ಕಾಲು ಎಂಬ ಪದ ಗಂಡು. ಆ ರೂಢಿಯಲ್ಲೇ ಒಮ್ಮೆ, "ಮುತ್ಯಾ, ಇವತ್ತು ನಿನ್ನ ಕಾಲು ನೋಯ್ತಾನಾ?" ಎಂದುಬಿಟ್ಟಿದ್ದಳು. ಅವರು ಮಂಚ ಅಲುಗುವ ಹಾಗೆ ನಕ್ಕು, "ನೋಯ್ತಾನವ್ವಾ, ಭಾಳ ಹಟಮಾರಿ ಅಂವ!" ಎಂದು ಬಂದವರಿಗೆಲ್ಲ ಹೇಳಿ ನಗಿಸಿದ್ದರು.

ಸುಮನ ಸ್ಟೋ ಆರಿಸಿ, ಮಾವನನ್ನೂ ಮಗಳನ್ನೂ ರಿಕ್ಷಾ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಪಟ್ಟಿ ಬಿಚ್ಚಿ, ಗಾಯದ ಸುತ್ತ ಒತ್ತಿ ನೋಡಿ, "ಕಾಯ್ ಆಜೋಬಾ, ಗೋಳ್ಯಾ ಪುರ್ಯಾ ಕೇಲ್ಯಾ ಕಾ?" ಎಂದರು.

ಏನಜ್ಜಾ, ಗುಳಿಗೆ ಎಲ್ಲ ಮುಗಿಸಿದಿರಾ ಎಂದು ಅವರು ಕೇಳಿದ್ದು. ಪುರಿ ಮಾಡಿದಿರಾ ಎಂದು ಗುರುಲಿಂಗಪ್ಪನವರಿಗೆ ತಿಳಿದದ್ದು. ಸೊಸೆಯ ಮೇಲೆ ಮಾತು ಬರಬಾರದೆಂದು ಅವರು ಎದೆಯುಬ್ಬಿಸಿ, "ಕೇಲ್ಯಾ, ಕೇಲ್ಯಾ! ರೋಜ್ ಕೇಲ್ಯಾ!" ಎಂದರು. ಗುಳಿಗೆಯ ಮಾತೆಂದು ಸುಮನಳೂ ತಲೆಯಾಡಿಸಿದಳು.

ಡಾಕ್ಟರ ಮುಖ ಗಂಭೀರವಾಯಿತು. ಗುಳಿಗೆಯೆಲ್ಲ ಹೊಟ್ಟೆಗೆ ಹೋದ ಮೇಲೂ ಕೀವು ಬಂದಿದೆಯೆಂದರೆ ಒಳಗಿನ ಕ್ರಿಮಿ ಈ ಔಷಧಿಗೆ ಜಗ್ಗುತ್ತಿಲ್ಲ, ನಾಳೆಯೇ ಸೇರಿಸಿ, ಕಾಲು ಮತ್ತೆ ಕೊಯ್ಯಬೇಕು, ಪ್ಲೇಟು ತೆಗೆಯಬೇಕಾದರೂ ಆದೀತು ಎಂದು ಸುಮನಳಿಗೆ ಹೇಳಿದರು.

"ಮತ್ತ ಕೊಯ್ಯಬೇಕಂತರೀ ಮಾವಾರ," ಎಂದಳು ಸುಮನ.

ಗುರುಲಿಂಗಪ್ಪನವರ ಕೈ ತಾನಾಗಿ ಸೊಂಟದ ಸಂಚಿಗೆ ಹೋಯಿತು. ಎಲೆ ಹುಡುಕುವ ಬೆರಳಿನಡಿ ಗುಳಿಗೆಯ ಹಾಳೆ ಚರಕ್ಕೆಂದಿತು.

ಗೋದಾವರಿ ಅವ್ವನ ಮುಖ ನೋಡಿದಳು, ಸಂಚಿ ನೋಡಿದಳು. ನಕ್ಕರೆ ನಗಲಿ. ಒಂದೇ ಜಡೆಯ ತಲೆಯೆತ್ತಿ, ಕೋಣೆಗೆಲ್ಲ ಕೇಳಿಸುವ ಹಾಗೆ ಕೇಳಿದಳು:

"ಮುತ್ಯಾ, ಪುರ್ಯಾ ಎಲ್ಲಾ ನಿನ್ನ ಹೊಟ್ಟ್ಯಾಗ ಹೋದ್ರು. ಸಂಚ್ಯಾಗ ಗೋಳ್ಯಾ ಮಲಗ್ಯಾರಲ್ಲ, ಅವರು ಯಾವಾಗ ಹೋಗ್ತಾರ?"