ನಿಲ್ಲದ ಕೋಶಗಳು

ಡಾಕ್ಟರ್ ಮೈಥಿಲಿ ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಿದರು. ಡಿಎನ್‌ಎ ನಕಲಾಗುವಾಗ ಪೆಟ್ಟು ಬಿದ್ದರೆ ಆರೋಗ್ಯವಂತ ಜೀವಕೋಶ ನಿಂತು, ಸರಿಪಡಿಸಿಕೊಂಡು, ಆಮೇಲೆ ಒಡೆದು ಎರಡಾಗುತ್ತದೆ. ಈ ತಟ್ಟೆಯ ಕೋಶಗಳು ಪೆಟ್ಟು ಬಿದ್ದರೂ ನಿಲ್ಲುತ್ತಲೇ ಇರಲಿಲ್ಲ; ಕ್ಯಾನ್ಸರ್ ಶುರುವಾಗುವುದು ಹೀಗೆಯೇ. ತಾಯಿಯನ್ನೂ ಅಕ್ಕನನ್ನೂ ಕ್ಯಾನ್ಸರಿಗೆ ಕಳೆದುಕೊಂಡ ಹುಡುಗಿ ಫಲಿತಾಂಶಕ್ಕಾಗಿ ಹೊರಗೆ ಕಾಯುತ್ತಿದ್ದಳು.

“ಆ ಹುಡುಗಿಗೆ ಹೇಗ್ರೀ ಹೇಳ್ಲಿ, ಬೋಪಣ್ಣ?”

ಲ್ಯಾಬ್ ಟೆಕ್ನೀಷಿಯನ್ ಬೋಪಣ್ಣ ತಟ್ಟೆಯ ಚೀಟಿ ಓದಿದರು. “ಅವಳದ್ದು ಪಕ್ಕದ ತಟ್ಟೆ ಮೇಡಂ, ಚೆನ್ನಾಗೇ ಇದೆ. ಇದು ಹೋಲಿಸಿ ನೋಡೋಕೆ ಇಟ್ಟ ಆರೋಗ್ಯವಂತರ ರಕ್ತ.”

“ಚೀಟಿ ಅದಲುಬದಲಾಗಿರ್ಬೇಕು.”

“ಮೂರು ಸಲ ನೋಡಿದೀನಿ ಮೇಡಂ.”

ಮೈಥಿಲಿಗೆ ಒಂದು ಕ್ಷಣ ಹಗುರವೆನಿಸಿತು, ಮರುಕ್ಷಣ ಕಳವಳವಾಯಿತು. “ಪಾಪ, ಯಾರದು ಈ ರಕ್ತ? ಅವರಿಗೆ ಇವತ್ತೇ ಹೇಳ್ಬೇಕು.”

ಬೋಪಣ್ಣ ಮುಖ ಎತ್ತಲಿಲ್ಲ. “ಹೋದ ತಿಂಗಳು ಲ್ಯಾಬಿನವರೆಲ್ಲ ಕೊಟ್ಟಿದ್ವಲ್ಲ ಮೇಡಂ... ಅದ್ರಲ್ಲಿ ಇದು ನಿಮ್ಮದು.”